ಮೇಲಿನ ಚಿಲಕ

೧

ಎಲ್ಲಿಂದ ಶುರು ಮಾಡಲಿ? ವೈರಸ್‌ನಿಂದಲೇ ಎಂದರೆ ಅದಕ್ಕೆ ಮುಖವಿಲ್ಲ, ಮಾತಿಲ್ಲ. ಅದನ್ನು ಮೊದಲ ಸಾಲಿನಲ್ಲಿ ಕೂರಿಸಿದರೆ ನೀವು ಎರಡನೇ ಸಾಲಿಗೆ ಬರುವುದಿಲ್ಲ. ‘ಆರನೇ ಕೋಣೆ ಹನ್ನೊಂದು ದಿನದಿಂದ ಖಾಲಿ ಇತ್ತು’ ಎಂದು ಬರೆದೆ. ಹೊಡೆದುಹಾಕಿದೆ. ಖಾಲಿ ಇತ್ತೋ ಇಲ್ಲವೋ ಎಂಬುದೇ ಇಲ್ಲಿನ ತಕರಾರು.

ಸರಿ, ಹತ್ತಿ ಮೇಡಂನಿಂದ ಶುರು ಮಾಡೋಣ.

೨

ಆಕೆ ಲ್ಯಾಬ್ ಸಹಾಯಕಿ. ತುದಿಗೆ ಹತ್ತಿ ಸುತ್ತಿದ ಕಡ್ಡಿಯಿಂದ ಮಂಚದ ಕಂಬಿ, ನಲ್ಲಿ, ಸ್ವಿಚ್ಚು ಎಲ್ಲವನ್ನೂ ಸವರಿ ಕೊಳವೆಯಲ್ಲಿಟ್ಟು ಪರೀಕ್ಷೆಗೆ ಕೊಡುವುದು ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಹಾಸ್ಟೆಲೊಂದನ್ನು ಕ್ವಾರಂಟೈನ್ ಕೇಂದ್ರ ಮಾಡಿದ್ದರು. ಹನ್ನೆರಡು ಕೋಣೆ. ಒಬ್ಬರು ಹೋದ ಮೇಲೆ ಕೋಣೆ ಒರೆಸಬೇಕು, ಆಗಾಗ ಒಂದೆರಡನ್ನು ಇವಳು ಸವರಿ ನೋಡಬೇಕು.

ಈ ಸಲ ಆರನೇ ಕೋಣೆಯ ಹತ್ತು ಜಾಗಗಳಲ್ಲಿ ಒಂಬತ್ತು ಶುದ್ಧ. ಹತ್ತನೆಯದು, ಕಿಟಕಿಯ ಮೇಲಿನ ಚಿಲಕ, ಅಲ್ಲ.

“ಹನ್ನೊಂದು ದಿನ ಆದ್ಮೇಲೂನಾ?” ಎಂದ ವಾರ್ಡನ್.

“ವೈರಸ್ ಕುರುಹು ಸಿಕ್ಕಿದೆ ಸಾರ್. ಜೀವಂತ ಇದೆ ಅಂತಲ್ಲ. ಮನೆ ಬಿಟ್ಟು ಹೋದವ್ರ ಚಪ್ಪಲಿ ಬಾಗಿಲಲ್ಲೇ ಉಳಿದಿರಲ್ವಾ, ಹಾಗೆ.”

“ಹಾಗಾದ್ರೆ ಎಷ್ಟು ದಿನ ಬದುಕತ್ತೆ? ಒಂದು ನಂಬರ್ ಹೇಳಿ.”

“ಸ್ಟೀಲ್ ಮೇಲೆ ಒಂದು ಥರ, ಬಟ್ಟೆ ಮೇಲೆ ಒಂದು ಥರ. ಬಿಸಿಲು ಬಿದ್ರೆ ಬೇರೆ, ತಂಪಿದ್ರೆ ಬೇರೆ.”

“ಅಂದ್ರೆ ಗೊತ್ತಿಲ್ಲ.”

(ಓದುಗರೇ, ನಿಮಗೂ ನಂಬರೇ ಬೇಕಿತ್ತು, ಅಲ್ಲವೇ? ನನಗೂ. ಕಥೆ ಎರಡೇ ಪುಟದಲ್ಲಿ ಮುಗಿದು ಹಾಯಾಗಿ ಇರಬಹುದಿತ್ತು.)

“ನಂಬರ್ ಇಲ್ಲ ಅಂದ್ರೆ ಬೇಡ, ಆಳಾದ್ರೂ ಇದ್ದಾರಲ್ಲ,” ಎಂದ ವಾರ್ಡನ್. “ಒರೆಸಬೇಕಿದ್ದೋರು ದೊಡ್ಡಮ್ಮ. ನಾಳೆಯಿಂದ ಬರೋದು ಬೇಡ ಅಂತೀನಿ.”

ಕಸ ಗುಡಿಸಿ ನೆಲ ಒರೆಸುವ ಆ ಮುದುಕಿ ಕಟ್ಟಡಕ್ಕೆಲ್ಲ ದೊಡ್ಡಮ್ಮ. ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ನಾನು ಒರೆಸಿದೀನಿ,” ಎಂದಳು.

೩ (ಕೈಬಿಟ್ಟ ಪ್ರತಿ)

ಇಲ್ಲಿ ನಾನೊಂದು ಚೆಂದದ ತಿರುವು ಕೊಟ್ಟಿದ್ದೆ. ಆರನೇ ಕೋಣೆಯಲ್ಲಿದ್ದ ಪುಟ್ಟ ಹುಡುಗಿ ರಸ್ತೆಯಲ್ಲಿ ನಿಂತ ಅಪ್ಪನಿಗೆ ಕಾಣಲೆಂದು ಗಾಜಿಗೆ ಅಂಗೈ ಒತ್ತುತ್ತಿದ್ದಳು. ಅದರ ಗುರುತು ಅಳಿಸಲು ದೊಡ್ಡಮ್ಮನಿಗೆ ಮನಸ್ಸು ಬರಲಿಲ್ಲ. ಬರೆಯುತ್ತ ನನ್ನ ಕಣ್ಣೇ ತೇವವಾಯಿತು.

“ಎಂಥ ಹುಡುಗಿ?” ಎಂದಳು ದೊಡ್ಡಮ್ಮ. “ಆ ಕೋಣೇಲಿ ಇದ್ದದ್ದು ಗೊರಕೆ ಹೊಡೆಯೋ ಲಾರಿ ಡ್ರೈವರು. ಗಾಜು ನಾನು ತಿಕ್ಕಿ ತಿಕ್ಕಿ ಒರೆಸಿದೀನಿ. ನನ್ನ ಕೆಲಸಕ್ಕೆ ಹೆಸರಿಡಬೇಡ.”

ಪುಟ ಹರಿದೆ.

೪

ವಾರ್ಡನ್ ಹೋದ ಮೇಲೆ ಹತ್ತಿ ಮೇಡಂ ಕೇಳಿದಳು, “ದೊಡ್ಡಮ್ಮ, ಆ ಮೇಲಿನ ಚಿಲಕ ನಿಮಗೆ ಎಟುಕತ್ತಾ?”

ದೊಡ್ಡಮ್ಮ ಬಟ್ಟೆಯನ್ನು ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು.

“ಕುರ್ಚಿ ಹತ್ತಬೇಕು. ಹೋದ ತಿಂಗಳು ಹತ್ತಿದೋಳು ಬಿದ್ದೆ. ಸೊಂಟ ಇನ್ನೂ ಹಿಡ್ಕೊಂಡಿದೆ. ಯಾರಿಗೂ ಹೇಳಿಲ್ಲ. ಹೇಳಿದ್ರೆ ವಯಸ್ಸಾಯ್ತು ಮನೇಲಿರಿ ಅಂತಾರೆ. ಮನೇಲಿ ಹಾಸಿಗೆ ಹಿಡಿದ ಅಕ್ಕ ಇದ್ದಾಳೆ, ಅವಳಿಗೆ ನಾನೇ ದಿಕ್ಕು.”

“ಅವತ್ತಿಂದ ಆರನೇ ಕೋಣೆ ಚಿಲಕ ಒರೆಸಿಲ್ಲ?”

“ಆರನೇದು ಒಂದೇ ಅಲ್ಲ.”

ಹತ್ತಿ ಮೇಡಂ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹನ್ನೆರಡು ಕೋಣೆ, ಹನ್ನೆರಡು ಚಿಲಕ. ಕ್ವಾರಂಟೈನ್‌ಗೆ ಬಂದವರು ಚೀಲ ಇಳಿಸಿದ ಕೂಡಲೇ ಮಾಡುವ ಮೊದಲ ಕೆಲಸವೇ ಕುರ್ಚಿ ಎಳೆದು ಹತ್ತಿ ಕಿಟಕಿ ತೆಗೆಯುವುದು.

೫

ಹತ್ತಿ ಮೇಡಂ ಸುಮ್ಮನಿದ್ದುಬಿಡಬಹುದಿತ್ತು. ‘ಕುರುಹು ಮಾತ್ರ, ಹನ್ನೊಂದು ದಿನದ್ದು, ಅಪಾಯ ತೀರಾ ಕಡಿಮೆ’ ಎಂದು ಬರೆದರೆ ಒಂದಕ್ಷರವೂ ಸುಳ್ಳಲ್ಲ. ದೊಡ್ಡಮ್ಮ ಉಳಿಯುತ್ತಾಳೆ. ಉಳಿದ ಚಿಲಕಗಳ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

(ಹಾಗೆಯೇ ಮಾಡು, ಕಥೆ ಇಲ್ಲಿಗೇ ಮುಗಿಯಲಿ ಎಂದು ನಾನೂ ಪುಸಲಾಯಿಸಿದೆ. “ನೀವು ಬರೆಯೋರು, ಎದ್ದು ಹೋಗ್ತೀರಿ. ಇಲ್ಲಿ ಉಸಿರಾಡೋರು ಬೇರೆ,” ಎಂದಳು. ನನ್ನ ಪಾತ್ರ ನನಗೇ ಬುದ್ಧಿ ಹೇಳುವ ಕಾಲ ಬಂತು.)

ಅವಳು ಕೋಣೆಗಳ ದಾಖಲೆ ಪುಸ್ತಕ ತಿರುವಿ ಹಾಕಿದಳು. ಒಂಬತ್ತನೇ ಕೋಣೆಯಲ್ಲಿದ್ದ ಜ್ವರದ ಮನುಷ್ಯನನ್ನು ಆಸ್ಪತ್ರೆಗೆ ಸಾಗಿಸಿದ್ದು ನಿನ್ನೆ ಬೆಳಿಗ್ಗೆ. ಇವತ್ತು ಬೆಳಿಗ್ಗೆ ಅದೇ ಕೋಣೆಗೆ ಏಳು ತಿಂಗಳ ಬಸುರಿ ಬಂದಿದ್ದಾಳೆ.

ಓಡುನಡಿಗೆಯಲ್ಲಿ ಹೋಗಿ ಬಾಗಿಲು ತಟ್ಟಿದಳು.

“ಕಿಟಕಿ ತೆಗೆದ್ರಾ?”

“ಬಂದ ತಕ್ಷಣ ತೆಗೆದೆ ಮೇಡಂ,” ಒಳಗಿನಿಂದ ದನಿ ಬಂತು. “ಸೆಖೆ ಅಂದ್ರೆ ಸೆಖೆ. ಈ ಹೊಟ್ಟೆ ಹೊತ್ಕೊಂಡು ಕುರ್ಚಿ ಹತ್ತಿದ್ದೇ ದೊಡ್ಡ ಸಾಹಸ.”

“ಆಮೇಲೆ ಕೈ ತೊಳ್ಕೊಂಡ್ರಾ?”

“ನೆನಪಾಗ್ತಿಲ್ಲ. ಯಾಕೆ? ಏನಾಯ್ತು?”

“ಈಗ ತೊಳ್ಕೊಳಿ. ಸೋಪು ಹಾಕಿ, ನಿಧಾನಕ್ಕೆ. ನಾನು ಒಳಗೆ ಬರ್ತೀನಿ,” ಎಂದು ಹತ್ತಿ ಮೇಡಂ ಮೈಮುಚ್ಚುವ ನಿಲುವಂಗಿ ತೊಡತೊಡಗಿದಳು. ಅವಸರಕ್ಕೆ ಕೈಗೆ ಅಂಗಿಯ ತೋಳು ಸಿಗಲಿಲ್ಲ. ಹಿಂದಿನಿಂದ ಯಾರೋ ಹಿಡಿದು ತೊಡಿಸಿದರು. ದೊಡ್ಡಮ್ಮ, ತಾನೂ ಪೂರ್ತಿ ಮೈ ಮುಚ್ಚಿಕೊಂಡು ಬಂದಿದ್ದಳು.

“ನೀನು ಹತ್ತು,” ಎಂದಳು. “ಕುರ್ಚಿ ನಾನು ಹಿಡ್ಕೋತೀನಿ.”

೬

ಮುಕ್ತಾಯವನ್ನು ಮೂರು ಥರ ಮಾಡಿ ನೋಡಿದೆ. ಒಂದು: ಬಸುರಿಗೆ ಏನೂ ಆಗಲಿಲ್ಲ, ತಾಯಿ ಮಗು ಕ್ಷೇಮ. ಇನ್ನೊಂದನ್ನು ಬರೆಯಲು ಕೈ ಏಳಲಿಲ್ಲ. ಮೂರನೆಯದರಲ್ಲಿ ವಾರ್ಡನ್ ಮನಸ್ಸು ಕರಗಿ ಉದ್ದ ಹಿಡಿಯ ಒರೆಸುವ ಕೋಲು ತರಿಸುತ್ತಾನೆ. ಈ ಮನುಷ್ಯ ಬಲ್ಬು ತರಿಸಲೂ ಆರು ಸಲ ಹೇಳಿಸಿಕೊಳ್ಳುವವನು, ನೀವೇ ನಂಬುವುದಿಲ್ಲ.

೭

ನಡೆದದ್ದಿಷ್ಟು. ಹತ್ತಿ ಮೇಡಂ ಕುರ್ಚಿ ಹತ್ತಿ ಚಿಲಕಕ್ಕೆ ಮೊದಲು ಕಡ್ಡಿ ಆಡಿಸಿದಳು, ಆಮೇಲೆ ಕ್ರಿಮಿನಾಶಕದಲ್ಲಿ ಅದ್ದಿದ ಬಟ್ಟೆಯಿಂದ ಮೂರು ಸಲ ಒರೆಸಿದಳು. ಮೂಲೆಯಲ್ಲಿ ಬಸುರಿ ತೊಳೆದ ಕೈಗಳನ್ನು ಗಾಳಿಯಲ್ಲಿ ಹಿಡಿದು, ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದಳು. ಕಡ್ಡಿಯ ಫಲಿತಾಂಶ ಬರಲು ಎರಡು ದಿನ. ಅವಳಿಗೆ ಏನಾದರೂ ತಗಲಿದೆಯೋ ಎಂದು ತಿಳಿಯಲು ಇನ್ನೂ ಹೆಚ್ಚು.

ಇಬ್ಬರೂ ಕೋಣೆಯಿಂದ ಹೊರಬಂದರೆ ಎದುರಿಗೇ ವಾರ್ಡನ್.

“ಏನ್ ನಡೀತಿದೆ ಇಲ್ಲಿ?”

ಇಬ್ಬರ ಮುಖವೂ ಮಾಸ್ಕಿನೊಳಗೆ, ಮಾಸ್ಕಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮರೆ. ಅದರೊಳಗಿಂದ, ಯಾರದ್ದೆಂದು ಗುರುತು ಹತ್ತದ, ಉಸಿರಿಗೆ ಸಿಕ್ಕಿಕೊಂಡ ಒಂದು ದನಿ ಹೇಳಿತು:

“ಸಾರ್, ಒಂದು ತಿಂಗಳಿಂದ ಯಾವ ಕೋಣೇಲೂ ಮೇಲಿನ ಚಿಲಕ ಒರೆಸಿಲ್ಲ.”

ವಾರ್ಡನ್ ಈ ಕಣ್ಣು ನೋಡಿದ, ಆ ಕಣ್ಣು ನೋಡಿದ.

“ಈಗ ಮಾತಾಡಿದ್ದು ಯಾರು?”

ನನ್ನನ್ನು ನೋಡಬೇಡಿ. ಇಬ್ಬರನ್ನೂ ಕೇಳಿದ್ದೇನೆ, ಇಬ್ಬರೂ “ನಾನೇ” ಅನ್ನುತ್ತಿದ್ದಾರೆ.