ಬಸ್ ಸೀಟಿನ ಕತ್ತೆ

ಎಣಿಕೆ ಆರಕ್ಕೆ ಬರುವಷ್ಟರಲ್ಲಿ ಗೊಂಬೆ ಕತ್ತೆಯ ಕಣ್ಣು ಕಿತ್ತುಕೊಂಡು ಬಂತು. ಸುಮ್ಮನೆ ಬರಲಿಲ್ಲ; ಟಪ್ ಎಂದು ಸದ್ದು ಮಾಡಿ, ಇಕ್ಕಳದ ಬಾಯಿಂದ ಜಾರಿ, ಅಡುಗೆಮನೆಯ ನೆಲದ ಮೇಲೆ ಮೂರು ಸುತ್ತು ಹೊಡೆದು ಫ್ರಿಜ್ಜಿನ ಕೆಳಗೆ ಹೋಗಿ ಕೂತಿತು. ಕತ್ತೆ ಒಂಟಿ ಕಣ್ಣಿನಲ್ಲಿ ಇಬ್ಬರನ್ನೂ ನೋಡುತ್ತಾ ಮೇಜಿನ ಮೇಲೆ ಮಲಗಿತ್ತು.

“ಫೇಲು,” ಅಂದಳು ಅವಳು.

“ಕಂಡೆ, ಕಂಡೆ,” ಅಂದ ಗಂಡ, ಕತ್ತೆಯನ್ನು ಮೇಜಿಗೆ ಒತ್ತಿ ಹಿಡಿದಿದ್ದ ಎರಡೂ ಕೈ ತೆಗೆಯುತ್ತಾ. “ಊರಿಗೆಲ್ಲ ಡಂಗುರ ಹೊಡೀಬೇಡ.”

ಇದು ನಾಲ್ಕನೇ ಸಲ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ನಾಲ್ಕು ಗಂಟೆಗೆ ಮಗಳು ಬರುತ್ತಾಳೆ, ಕಂಕುಳಲ್ಲಿ ಮೊಮ್ಮಗಳು. ಮೊಮ್ಮಗಳಿಗೆ ಇವತ್ತಿಗೆ ಒಂದು ವರ್ಷ. ಚಿತ್ರದ ಪುಸ್ತಕದಲ್ಲಿ ಹುಲಿ ತೋರಿಸಿದರೆ ಅದು ಆಕಳಿಸುತ್ತದೆ, ನವಿಲು ತೋರಿಸಿದರೆ ಪುಟ ಹರಿಯುತ್ತದೆ, ಕತ್ತೆ ತೋರಿಸಿದರೆ ಮಾತ್ರ ಬಿಕ್ಕಳಿಕೆ ಬರುವಷ್ಟು ನಗುತ್ತದೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. “ನಾನೇ ಒಂದು ಕತ್ತೆ ಮಾಡಿಕೊಡ್ತೀನಿ, ಅಂಗಡೀದು ಯಾರಿಗೆ ಬೇಕು,” ಎಂದು ಗಂಡ ಫೋನಿನಲ್ಲಿ ಮಗಳಿಗೆ ಮಾತು ಕೊಟ್ಟುಬಿಟ್ಟಿದ್ದ. ಕೊಡುವಾಗ ಹೆಂಡತಿಯ ಕೆಲಸ ಏನೆಂಬುದು ಅವನಿಗೆ ಮರೆತುಹೋಗಿತ್ತು.

ಅವಳ ಕೆಲಸ ಗೊಂಬೆಗಳ ಕಣ್ಣು ಕೀಳುವುದು. ಆಟಿಕೆ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಒಂದೊಂದು ಲೋಡಿನಿಂದ ಹನ್ನೆರಡು ಗೊಂಬೆ ಎತ್ತಿಕೊಳ್ಳುತ್ತಾಳೆ. ಕಣ್ಣು, ಮೂಗು, ಅಂಗಿಯ ಗುಂಡಿ, ಒಂದೊಂದನ್ನೂ ಇಕ್ಕಳದಲ್ಲಿ ಹಿಡಿದು ಒಂಬತ್ತು ಕಿಲೋ ಭಾರದಷ್ಟು ಜಗ್ಗಿ, ಹತ್ತು ಎಣಿಸುತ್ತಾಳೆ. ಹತ್ತರವರೆಗೆ ತಡೆದರೆ ಹಸಿರು ಚೀಟಿ. ಒಂದೇ ಒಂದು ಕಣ್ಣು ಕಿತ್ತುಬಂದರೂ ಇಡೀ ಲೋಡು ಹೊಲಿಗೆಯ ಕೋಣೆಗೆ ವಾಪಸ್ಸು. ದಿನವಿಡೀ ಎಣಿಸುವುದನ್ನು ಕೇಳಿ ಕೇಳಿ ಅಲ್ಲಿನ ಹುಡುಗಿಯರು ಅವಳಿಗೆ ಹತ್ತಮ್ಮ ಎಂದು ಹೆಸರಿಟ್ಟಿದ್ದರು. ಲಾರಿ ಬಾಗಿಲಲ್ಲಿ ನಿಂತು ಹಾರನ್ ಹೊಡೆಯುತ್ತಿದ್ದರೂ, ಮ್ಯಾನೇಜರು ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದರೂ, ಹತ್ತಮ್ಮನ ಹತ್ತು ಯಾವತ್ತೂ ಒಂಬತ್ತೂವರೆ ಆಗಿರಲಿಲ್ಲ.

ಗಂಡ ಬಸ್ಸಿನ ಸೀಟು ಹೊಲಿಯುತ್ತಿದ್ದವನು. ಹೋದ ವರ್ಷ ನಿವೃತ್ತನಾದ. ಹೊರಡುವ ದಿನ ಉಳಿದಿದ್ದ ಸೀಟಿನ ಬಟ್ಟೆಯ ಒಂದು ಸುರುಳಿಯನ್ನು ಅವನಿಗೇ ಕೊಟ್ಟು ಕಳಿಸಿದ್ದರು: ನೀಲಿ, ಮೇಲೆ ಹಳದಿ ಚುಕ್ಕೆ, ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ಕತ್ತೆ ಆ ಬಟ್ಟೆಯದು. ನೋಡಿದ ತಕ್ಷಣ ಟಿಕೆಟ್ ತಗೋಬೇಕು ಅನ್ನಿಸುವಂಥ ಕತ್ತೆ.

“ನಲವತ್ತು ವರ್ಷ ಈ ಊರಿನ ಕುಂಡಿ ಹೊತ್ತ ಹೊಲಿಗೆ ಕಣೇ ಇದು,” ಎಂದ ಅವನು, ಕತ್ತೆಯ ಮುಖದ ತೂತಿಗೆ ಬೆರಳು ಹಾಕಿ ನೋಡುತ್ತಾ. “ನಿನ್ನ ಇಕ್ಕಳಕ್ಕೆ ಮಾತ್ರ ಸಾಲ್ತಾ ಇಲ್ಲ.”

“ಕೂರೋರು ಸೀಟನ್ನ ಕಚ್ಚಲ್ವಲ್ಲ ರೀ.”

“ಒಂದು ವರ್ಷದ ಕೂಸಿಗೆ ಒಂಬತ್ತು ಕಿಲೋ ಬಲ ಎಲ್ಲಿಂದ ಬರುತ್ತೆ?”

“ಕೈಗೆ ಬರಲ್ಲ. ಹಲ್ಲಿಗೆ ಬರುತ್ತೆ. ಮೊನ್ನೆ ನಿಮ್ಮ ಕಿವಿ ಕಚ್ಚಿದಾಗ ಗೊತ್ತಾಗ್ಲಿಲ್ವಾ?”

ಅವನು ಕಿವಿ ಮುಟ್ಟಿಕೊಂಡ. ವಾದ ಅಲ್ಲಿಗೆ ಮುಗಿಯಿತು.

ಈ ಮನೆಯಲ್ಲಿ ವಾದ ಮುಗಿಯುವುದು ಸಾಮಾನ್ಯವಾಗಿ ಹೀಗೇ. ಕಾರ್ಖಾನೆಯ ಗೋಡೆಯ ಮೇಲೆ ಏನೇನು ಸೂಚನೆ ಅಂಟಿಸುತ್ತಾರೋ ಅದನ್ನೆಲ್ಲ ಅವಳು ತಲೆಯಲ್ಲಿ ತುಂಬಿಕೊಂಡು ಮನೆಗೆ ತರುತ್ತಾಳೆ. ಒಲೆಯ ಮೇಲಿನ ಬಾಣಲೆಯ ಹಿಡಿ ಗೋಡೆಯ ಕಡೆ ತಿರುಗಿರಬೇಕು. ನೆಲ ಒರೆಸುವ ದ್ರವವನ್ನು ಜ್ಯೂಸಿನ ಬಾಟಲಿಗೆ ಸುರಿದಿಡಬಾರದು. ರಿಮೋಟಿನ ಬ್ಯಾಟರಿಯ ಮುಚ್ಚಳಕ್ಕೆ ಅವಳು ಎಷ್ಟು ಸುತ್ತು ಟೇಪ್ ಸುತ್ತಿದ್ದಳೆಂದರೆ, ಬ್ಯಾಟರಿ ಸತ್ತ ದಿನದಿಂದ ಗಂಡ ಎದ್ದು ಹೋಗಿಯೇ ಚಾನೆಲ್ ಬದಲಿಸುತ್ತಿದ್ದ. ಭಾರ ಎತ್ತುವಾಗ ಬೆನ್ನು ಬಗ್ಗಿಸಬೇಡಿ, ಮೊಣಕಾಲು ಬಗ್ಗಿಸಿ ಎಂದು ಅವಳು ದಿನಕ್ಕೆ ಎರಡು ಸಲ ಹೇಳುತ್ತಿದ್ದಳು. “ಮುತ್ತು ಕೊಡೋಕೂ ಮೊಣಕಾಲೇ ಬಗ್ಗಿಸ್ಬೇಕಾ, ಇನ್‌ಸ್ಪೆಕ್ಟರಮ್ಮಾ?” ಎಂದು ಅವನು ಒಮ್ಮೆ ಕೇಳಿದ್ದ. ಅವಳು ತುಸು ಯೋಚಿಸಿ, “ನಿಮ್ಮ ಎತ್ತರಕ್ಕೆ, ಹೌದು,” ಅಂದಿದ್ದಳು.

ಕಾರ್ಖಾನೆಯಿಂದ ಅವಳು ತಂದಿಟ್ಟುಕೊಂಡಿದ್ದ ಇನ್ನೊಂದು ವಸ್ತು ಬೆರಳುದ್ದದ ಉಕ್ಕಿನ ಕೊಳವೆ. ಅಲ್ಲಿ ಅದನ್ನು ಗಂಟಲು ಎಂದೇ ಕರೆಯುತ್ತಾರೆ. ಪುಟ್ಟ ಮಗುವಿನ ಗಂಟಲಿನ ಅಳತೆ. ಅದರೊಳಗೆ ಬೀಳುವ ಯಾವುದೂ ಮಗುವಿನ ಕೈಗೆ ಸಿಗಬಾರದು. ಮೊಮ್ಮಗಳು ಅಂಬೆಗಾಲಿಡಲು ಶುರುಮಾಡಿದ ವಾರ ಅವಳು ಇಡೀ ಮನೆಯನ್ನು ಆ ಗಂಟಲಿಗೆ ಹಾಕಿ ನೋಡಿದ್ದಳು. ಪೆನ್ನಿನ ಮುಚ್ಚಳ, ಬೀಗದ ಕೈ, ಸೂಜಿ ಚುಚ್ಚದಂತೆ ಗಂಡ ಬೆರಳಿಗೆ ಹಾಕಿಕೊಳ್ಳುವ ಟೋಪಿ, ಎಲ್ಲವೂ ಅಟ್ಟ ಸೇರಿದ್ದವು. ಕತ್ತೆಯ ಕಣ್ಣೂ ಅದರಲ್ಲಿ ಸಲೀಸಾಗಿ ಬೀಳುತ್ತಿತ್ತು. ಅದಕ್ಕೇ ಅದು ಮುಖ ಬಿಟ್ಟು ಬರಕೂಡದು.

“ದಾರದಲ್ಲೇ ಕಣ್ಣು ಹಾಕಿಬಿಡಿ ಅಂತ ಮೊದಲನೇ ದಿನವೇ ಹೇಳ್ದೆ,” ಎಂದಳು ಅವಳು, ಪೊರಕೆಯ ಕಡ್ಡಿಯಿಂದ ಫ್ರಿಜ್ಜಿನ ಕೆಳಗೆ ಕೆದಕುತ್ತಾ. “ಕೀಳೋದೂ ಇಲ್ಲ, ನುಂಗೋದೂ ಇಲ್ಲ.”

“ದಾರದ ಕಣ್ಣು ಕುರುಡು ಕಣ್ಣು. ಕಣ್ಣಂದ್ರೆ ಹೊಳೀಬೇಕು. ನೀನು ಎತ್ಕೊಂಡಾಗೆಲ್ಲ ಅವಳು ಏನು ನೋಡ್ತಾಳೆ ಹೇಳು? ನಿನ್ನ ಮುಖಾನಾ? ನಿನ್ನ ಕೋಟಿನ ಗುಂಡಿ.”

ಅದು ನಿಜ. ಅವಳ ಹಳೆಯ ಕಪ್ಪು ಕೋಟಿಗೆ ಆರು ಗುಂಡಿಗಳಿದ್ದವು. ಕಪ್ಪಗೆ, ಉಬ್ಬಿಕೊಂಡು, ದೀಪದ ಬೆಳಕು ಬಿದ್ದರೆ ಒಳಗಿನಿಂದ ಯಾರೋ ನೋಡಿದಂತೆ ಮಿನುಗುವಂಥವು. ಗಂಡ ಹೇಳದೆ ಕೇಳದೆ ಆರನ್ನೂ ಕತ್ತರಿಸಿಕೊಂಡಿದ್ದ. ಒಂದು ವಾರದಿಂದ ಅವಳು ಕೋಟಿಗೆ ಪಿನ್ನು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಆರರಲ್ಲಿ ಎರಡು ಇಕ್ಕಳದ ಬಾಯಲ್ಲಿ ಒಡೆದವು. ಇನ್ನೆರಡರ ಬೆನ್ನಿನ ಬಳೆ, ಅಂದರೆ ದಾರ ಪೋಣಿಸುವ ಜಾಗ, ಮುರಿಯಿತು. ಉಳಿದವು ಎರಡೇ: ಒಂದು ಕತ್ತೆಯ ಮುಖದ ಮೇಲೆ, ಒಂದು ಫ್ರಿಜ್ಜಿನ ಕೆಳಗೆ.

ಸಿಕ್ಕಿತು. ಸೆರಗಿನಲ್ಲಿ ಧೂಳು ಒರೆಸಿ ಗಂಡನ ಅಂಗೈಗೆ ಹಾಕಿದಳು. ಅವನ ಹೆಬ್ಬೆರಳಿಗೆ ಎರಡು ಕಡೆ ಪಟ್ಟಿ ಸುತ್ತಿತ್ತು. ಬೆರಳಿನ ಟೋಪಿ ಅಟ್ಟದ ಮೇಲಿದ್ದದ್ದರ ಫಲ. ಇದೇ ಹೆಬ್ಬೆರಳು ದಿನಾ ಸಂಜೆ ಎಣ್ಣೆ ಹಚ್ಚಿ ಅವಳ ಮಣಿಕಟ್ಟು ತಿಕ್ಕುತ್ತದೆ. ಎಳೆದು ಎಳೆದು ಅವಳ ಬಲಗೈ ಮಣಿಕಟ್ಟು ನೋಯುತ್ತದೆ. ಗಂಟೆಗೊಮ್ಮೆ ಐದು ನಿಮಿಷ ಬಿಡುವು ಕೊಡಿ ಎಂದು ಡಾಕ್ಟರು ಹೇಳಿದ್ದಾರೆ. ಒಂದು ವಾರದಿಂದ ಆ ಬಿಡುವನ್ನೂ ಈ ಕತ್ತೆ ತಿಂದಿತ್ತು.

“ಈಗೇನು ಮಾಡ್ತೀರಿ?” ಎಂದಳು.

ಅವನು ಕತ್ತೆಯನ್ನು ತಿರುಗಿಸಿ, ಎಡಗಣ್ಣಿನ ಜಾಗದಿಂದ ಬಲಗಣ್ಣಿನ ಜಾಗದವರೆಗೆ ಬೆರಳಲ್ಲಿ ಅಳೆದ. ಆಮೇಲೆ ಹಣೆ ಚಚ್ಚಿಕೊಂಡ.

“ನಾನು ಇದಕ್ಕಿಂತ ದೊಡ್ಡ ಕತ್ತೆ. ಸೀಟಿನ ಬೆನ್ನಿಗೆ ಗುಂಡಿ ಹೇಗೆ ಕೂರಿಸ್ತಿದ್ದೆ? ಬಟ್ಟೆಗೆ ಹೊಲೀತಿದ್ನಾ? ಇಲ್ಲ. ಮೆತ್ತೆಯೊಳಗಿಂದ ದಾರ ತೂರಿಸಿ ಹಿಂದಿನ ಗುಂಡಿಗೆ ಕಟ್ತಿದ್ದೆ. ಮುಂದಿಂದು ಎಳೆದ್ರೆ ಹಿಂದಿಂದು ಹಿಡ್ಕೊಳ್ಳುತ್ತೆ, ಹಿಂದಿಂದು ಎಳೆದ್ರೆ ಮುಂದಿಂದು.”

“ಅಂದ್ರೆ?”

“ಅಂದ್ರೆ ಎರಡೂ ಕಣ್ಣಿಗೆ ಒಂದೇ ದಾರ. ತಲೆಯೊಳಗಿಂದ. ಒಂದನ್ನ ಕಿತ್ರೆ ಇನ್ನೊಂದು ಬಿಡಲ್ಲ.” ಅವನು ತಲೆಯೆತ್ತಿ ನೋಡಿದ. “ನಮ್ಮ ಹಾಗೆ ಅಂತ ಹೇಳೋಣ ಅನ್ಕೊಂಡೆ, ಆದ್ರೆ ನೀನು ನಗ್ತೀಯ.”

ಅವಳು ನಕ್ಕಳು.

ಅವನು ಕಿಟಕಿಯ ಹತ್ತಿರ ಕೂತು ಹೊಲಿಯತೊಡಗಿದ. ಬಾಗಿದ ದೊಡ್ಡ ಸೂಜಿ, ಮೇಣ ಸವರಿದ ದಾರ. ಅವಳು ಕತ್ತರಿ ಹುಡುಕುತ್ತಾ ಅವನ ಹತ್ಯಾರಿನ ಪೆಟ್ಟಿಗೆ ತೆರೆದಳು. ಕತ್ತರಿಯ ಪಕ್ಕದಲ್ಲಿ ಮೂರು ತಲೆಗಳಿದ್ದವು. ಹಿಂದೆ ಫೇಲಾದ ಮೂರು ಕತ್ತೆಗಳ ನೀಲಿ ತಲೆ, ಕಣ್ಣಿನ ಜಾಗದಲ್ಲಿ ಹರಿದ ತೂತು. ಎಸೆದಿರಲಿಲ್ಲ. ಒಂದರ ಪಕ್ಕ ಒಂದು, ಕಿವಿ ನೆಟ್ಟಗೆ ಮಾಡಿ, ಜೋಡಿಸಿಟ್ಟಿದ್ದ. ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ವಾಪಸ್ಸು ಕಳಿಸಿದ ಲೋಡುಗಳನ್ನು ಯಾರು ಬಿಚ್ಚಿ ಮತ್ತೆ ಹೊಲಿದರು, ಅವರ ಬೆರಳಿಗೆ ಎಷ್ಟು ಪಟ್ಟಿ ಇತ್ತು ಎಂದು ಅವಳು ಒಂದು ದಿನವೂ ಕೇಳಿರಲಿಲ್ಲ.

ಪೆಟ್ಟಿಗೆಯ ಮೂಲೆಯಲ್ಲಿ ಮೊಳೆಗಳ ಡಬ್ಬಿಯಿತ್ತು. ಬಿಗಿಯಾದ ಮುಚ್ಚಳದ್ದು. ಅದನ್ನು ಕಂಡರೆ ಅವಳಿಗೆ ಯಾವಾಗಲೂ ಒಂದು ಮಧ್ಯಾಹ್ನ ನೆನಪಾಗುತ್ತದೆ. ಆಗ ಮಗಳಿಗೆ ವರ್ಷ ತುಂಬಿ ಎರಡು ತಿಂಗಳು. ಗಂಡ ಮನೆಗೇ ಸೀಟು ತಂದು, ಇದೇ ನೆಲದ ಮೇಲೆ, ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದ. ಸೀಟಿನ ಒಂದು ಗುಂಡಿ ಎಲ್ಲಿಗೋ ಉರುಳಿತ್ತು. ಅವಳು ಬಟ್ಟೆ ಒಣಹಾಕಿ ಒಳಗೆ ಬರುವಷ್ಟರಲ್ಲಿ, ಅವನು ಮಗುವನ್ನು ತೋಳಿನ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಹೊಡೆಯುತ್ತಿದ್ದ. ನೆಲದ ತುಂಬ ಅವನು ಉಗಿದ ಮೊಳೆಗಳು. ಮಗುವಿನ ತುಟಿಯ ಬಣ್ಣವನ್ನು ಅವಳು ಇವತ್ತಿಗೂ ಯಾರಿಗೂ ಹೇಳಿಲ್ಲ. ಗುಂಡಿ ಹಾರಿ ಹೊರಗೆ ಬಿತ್ತು, ಮಗು ಅತ್ತಿತು; ಜಗತ್ತಿನಲ್ಲಿ ಅದಕ್ಕಿಂತ ಒಳ್ಳೆಯ ಅಳುವನ್ನು ಅವಳು ಕೇಳಿಲ್ಲ. ಮರುದಿನ ಅವನು ಮುಚ್ಚಳದ ಡಬ್ಬಿ ತಂದ, ಬಾಯಲ್ಲಿ ಮೊಳೆ ಇಡುವುದನ್ನು ಬಿಟ್ಟ. ಮುಂದೆ ಎಷ್ಟೋ ವರ್ಷದ ಮೇಲೆ ಪರೀಕ್ಷಾ ಕೋಣೆಯಲ್ಲಿ ಜಾಗ ಖಾಲಿಯಾದಾಗ, ಬೇರೆ ಯಾರಿಗೂ ಬೇಡದ ಆ ಕೆಲಸವನ್ನು ಅವಳು ಕೇಳಿ ಪಡೆದಳು. ಆ ಮಧ್ಯಾಹ್ನದ ಬಗ್ಗೆ ಅವಳೂ ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ. ಮಗಳಿಗೆ ಇಂದಿಗೂ ಗೊತ್ತಿಲ್ಲ.

“ಕತ್ತರಿ ಸಿಕ್ತಾ, ಇಲ್ಲ ಕತ್ತರಿ ಕಾರ್ಖಾನೆಗೇ ಹೋದ್ಯಾ?” ಎಂದು ಅವನು ಕೂಗಿದ.

“ಬಂದೆ ಬಂದೆ.”

ನಾಲ್ಕಕ್ಕೆ ಐದು ನಿಮಿಷವಿರುವಾಗ ಕತ್ತೆಗೆ ಎರಡೂ ಕಣ್ಣು ಬಂದವು. ಅಂಗಡಿಯ ಗೊಂಬೆಗಳ ಹಾಗೆ ಮುಂದಕ್ಕೆ ನೋಡುವ ಕಣ್ಣಲ್ಲ. ಎರಡೂ ಬದಿಗೆ, ನಿಜವಾದ ಕತ್ತೆಗಿರುವಂತೆ, ಒಳಗಿನ ದಾರ ಬಿಗಿದು ತುಸು ಗುಳಿ ಬಿದ್ದು, ಏನೋ ತಮಾಷೆ ಕೇಳಿ ನಗು ತಡೆದುಕೊಂಡಿರುವ ಹಾಗೆ. ಮೊಮ್ಮಗಳು ಇದನ್ನು ನೋಡಿದರೆ ಇವತ್ತು ಬಿಕ್ಕಳಿಕೆ ನಿಲ್ಲುವುದಿಲ್ಲ.

ಅವನು ಕತ್ತೆಯನ್ನು ಮೇಜಿಗೆ ಒತ್ತಿ ಹಿಡಿದ. ಅವಳು ಇಕ್ಕಳ ತೆಗೆದುಕೊಂಡಳು. ಇಕ್ಕಳದ ಹಿಡಿಗೆ ಕೊಕ್ಕೆಯ ತಕ್ಕಡಿ ಕಟ್ಟಿತ್ತು, ಊರಿಗೆ ಹೋಗುವಾಗ ಪೆಟ್ಟಿಗೆ ತೂಗುವಂಥದ್ದು. ಎಡಗಣ್ಣು ಹಿಡಿದು ಜಗ್ಗಿದಳು. ಮುಳ್ಳು ಒಂಬತ್ತಕ್ಕೆ ಬಂತು. ಒಂದು, ಎರಡು, ಮೂರು. ಇಬ್ಬರೂ ಉಸಿರು ಬಿಡಲಿಲ್ಲ. ಹತ್ತು. ಕಣ್ಣು ಇದ್ದಲ್ಲೇ ಇತ್ತು.

“ಪಾಸು,” ಅಂದಳು. ಅವನ ಕಿವಿ ಕೆಂಪಗಾಯಿತು.

ಬಲಗಣ್ಣು. ಒಂದು, ಎರಡು. ನಾಲ್ಕರ ಹೊತ್ತಿಗೆ ಒಳಗೆಲ್ಲೋ ದಾರ ಕಿರ್ ಎಂದಿತು. ಐದು. ಹೆಬ್ಬೆರಳಿನ ಪಟ್ಟಿ ಅವಳ ಕಣ್ಣಿಗೆ ಬಿತ್ತು. ಪೆಟ್ಟಿಗೆಯೊಳಗಿನ ಮೂರು ತಲೆಗಳ ಪಕ್ಕದ ನಾಲ್ಕನೆಯ ಜಾಗವೂ ಕಂಡಿತು. ಕಿರ್. ಆರು. “ಎಂಟು ಒಂಬತ್ತು ಹತ್ತು,” ಎಂದು ಒಂದೇ ಉಸಿರಿಗೆ ಹೇಳಿ ಇಕ್ಕಳ ಬಿಟ್ಟಳು. “ಪಾಸು. ನಾನು ಮುಖ ತೊಳ್ಕೊಂಡು ಬರ್ತೀನಿ.”

“ಏಳು ಎಲ್ಲಿ ಹೋಯ್ತು?”

“ಯಾವ ಏಳು?”

“ಆರಕ್ಕೂ ಎಂಟಕ್ಕೂ ಮಧ್ಯೆ ಒಂದು ಇರುತ್ತಲ್ಲ, ಅದು.”

“ಎಣಿಸಿದೆ ರೀ. ನಿಮಗೆ ಕೇಳಿಸ್ಲಿಲ್ಲ.”

“ಮೂವತ್ತೈದು ವರ್ಷದಿಂದ ನಿನ್ನ ಗೊರಕೆ ಕೇಳ್ತಾ ಇರೋನು ನಾನು. ಏಳು ಬರಲಿಲ್ಲ.”

ಬಾಗಿಲ ಗಂಟೆ ಹೊಡೆಯಿತು. ಹೊರಗಿನಿಂದ ಮಗಳ ದನಿ, “ಅಮ್ಮಾ,” ಅದರ ಹಿಂದೆಯೇ ಮೊಮ್ಮಗಳ ಅರ್ಥವಿಲ್ಲದ ಒಂದು ಕೂಗು. ಅವಳು ಕೆಲಸದ ಬ್ಯಾಗಿಗೆ ಕೈಹಾಕಿ ಚೀಟಿಗಳ ಕಟ್ಟು ತೆಗೆದಳು. ಒಂದು ಹಸಿರು ಚೀಟಿ ಬಿಡಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಪೂರ್ತಿ ಹತ್ತು ಎಣಿಸದೆ ಬಿಡಿಸಿದ ಮೊದಲ ಚೀಟಿ ಅದು. ಬೆರಳ ತುದಿಗೆ ಅಂಟಿಸಿಕೊಂಡು ಗಂಡನ ಮುಂದೆ ಚಾಚಿದಳು.

“ಅಂಟಿಸಿ. ನಿಮ್ಮ ಕೈಯಾರೆ ಅಂಟಿಸಿ. ಇವತ್ತೊಂದು ದಿನ. ನಮ್ಮ ಮಗು, ನಮ್ಮ ಮನೆ. ಆಡುವಾಗ ಅವಳ ಅಮ್ಮ ಪಕ್ಕದಲ್ಲೇ ಇರ್ತಾಳೆ.”

“ಅವತ್ತು ನಾನೂ ಪಕ್ಕದಲ್ಲೇ ಇದ್ದೆ,” ಅಂದ ಅವನು.

ಗಂಟೆ ಮತ್ತೆ ಹೊಡೆಯಿತು. ಅವಳು ಚೀಟಿಯನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. “ತಗೊಳ್ಳಿ, ರೀ,” ಅಂದಳು.

ಅವನು ಕತ್ತೆಯ ಬಲಗಣ್ಣು ಮೇಲೆ ಬರುವಂತೆ ತಿರುಗಿಸಿ, ಎರಡೂ ಕೈಯಲ್ಲಿ ಮೇಜಿಗೆ ಒತ್ತಿ ಹಿಡಿದು, ಮೊಣಕೈಯಿಂದ ಇಕ್ಕಳವನ್ನು ಅವಳ ಕಡೆಗೆ ಸರಿಸಿದ.

“ಬೇಡ,” ಅಂದ.