ಮಾವನ ‘ಹೂಂ’

ನಾನು ಓದು ಬಿಟ್ಟು ತಗಡು ಒತ್ತುವ ಪ್ರೆಸ್ ಮಷೀನಿಗೆ ಕೂತವನು. ಹೆಲ್ಪರ್ ತಗಡು ಇಟ್ಟು, ಕೈ ತೆಗೆದು, "ಹೂಂ" ಅನ್ನುವ ತನಕ ಪೆಡಲ್ ಒತ್ತಬಾರದು ಅನ್ನೋದು ನಮ್ಮ ಶೆಡ್ಡಿನ ಕಟ್ಟುನಿಟ್ಟು. ನನ್ನ ಹೆಲ್ಪರ್ ನಮ್ಮ ಸೋದರಮಾವನೇ.

ಏಳು ವರ್ಷದ ತಮ್ಮನಿಗೆ ಮೂರನೇ ಸಲ ನ್ಯುಮೋನಿಯಾ ಆದಾಗ ಡಾಕ್ಟರಮ್ಮ ನನ್ನನ್ನು ಕೂರಿಸಿ ಹೇಳಿದರು: "ರೋಗಾಣುವಿಗೆ ತಕ್ಕ ಪ್ರತಿಕಾಯ ಮಾಡೋದು ಬಿ ಕೋಶಗಳು. ಅವು ಇವನಲ್ಲಿ ಬೇಕಾದಷ್ಟಿವೆ. ಆದರೆ ಹೆಲ್ಪರ್ ಟಿ ಕೋಶಗಳಿಂದ ಬರಬೇಕಾದ ಸಂಕೇತ ಬರ್ತಿಲ್ಲ. ಬಿ ಕೋಶಗಳು ಕಾಯ್ತಾ ಕೂತಿವೆ."

"ಅಂದ್ರೆ ಮಾವ ಹೂಂ ಅಂತಿಲ್ಲ," ಅಂದೆ.

ತಮ್ಮ ಮಲಗಿದಲ್ಲಿಂದಲೇ ಕೇಳಿದ: "ಅಣ್ಣಾ, ನನ್ನ ಹೆಲ್ಪರ್ ನಿದ್ದೆ ಹೊಡೀತಿದ್ದಾನಾ? ಎರಡು ಬಿಡು ಅವನಿಗೆ!"

ಕೈಗೆ ಸಿಕ್ಕಿದ್ದರೆ ಬಿಡ್ತಿದ್ದೆ. ಆದರೆ ಇಷ್ಟು ದಿನ ನಾನು ಬೈದದ್ದು ತಮ್ಮನನ್ನೇ. ಕೆಮ್ಮಿದಾಗಲೆಲ್ಲ "ನಾಟಕ ಸಾಕು, ನನ್ನ ಹಾಗೆ ಆಗಬೇಡ" ಅಂತ ಎಬ್ಬಿಸಿ ಶಾಲೆಗೆ ಅಟ್ಟಿದ್ದೆ.

ಆಸ್ಪತ್ರೆಗೆ ಸೇರಿಸಿದ ಹತ್ತನೇ ದಿನ ಅವನು ತೀರಿಹೋದ.

ಮತ್ತೆ ಕೆಲಸಕ್ಕೆ ಬಂದ ಬೆಳಿಗ್ಗೆ ಮಾವ ತಗಡು ಇಟ್ಟ, ಕೈ ತೆಗೆದ, ಬಾಯಿ ತೆರೆದ. "ಹೂಂ" ಹೊರಡಲಿಲ್ಲ. ನನ್ನ ಕಾಲಲ್ಲಿ ಕಸುವಿತ್ತು, ಮಷೀನಿನಲ್ಲಿ ಕರೆಂಟಿತ್ತು. "ಅನ್ನು ಮಾವ, ಒಂದು ಸಲ ಅನ್ನು!" ಅಂತ ಇಡೀ ಶೆಡ್ಡಿಗೆ ಕೇಳುವಂತೆ ಅರಚಿದೆ. ಮಾವ ಆಗಲ್ಲ ಅಂತ ತಲೆಯಾಡಿಸಿ ಅಳುತ್ತಾ ನಿಂತ. ನಾನು ಪೆಡಲ್ ಒತ್ತದೆ ಕಾಯುತ್ತಾ ಕೂತೆ.