ಲೈಸೆನ್ಸಿನ ಮೇಲೆ ಯಾರ ಹೆಸರು

"ಸಹಿ ಹಾಕೋ ಬೇವರ್ಸಿ. ಹೆಂಡದ ಕಾಗದ ನಿಮ್ಮ ಕೇರಿಗೆ ಹೊಸದೇನೋ?"

ಧಣಿ ಅಶ್ವತ್ಥನಾರಾಯಣ ಕಾಗದವನ್ನು ಕೈಗೆ ಕೊಡಲಿಲ್ಲ. ನಾನು ಈರುಳ್ಳಿ ಹೆಚ್ಚುತ್ತಿದ್ದ ಹಲಗೆಯ ಮೇಲೆ ಎಸೆದ. ಲಂಡನ್ನಿಗೆ ಬಂದು ಇಪ್ಪತ್ತು ವರ್ಷವಾದರೂ ಅವನ ಮಡಿ ಊರಿನದೇ.

ಬಿಯರು, ವಿಸ್ಕಿ ಇಲ್ಲದೆ ರೇನರ್ಸ್ ಲೇನಿನಲ್ಲಿ ಅವನ ಹೋಟೆಲು ನಡೆಯುವುದಿಲ್ಲ. ಅದನ್ನು ಮಾರಬೇಕೆಂದರೆ ಪರೀಕ್ಷೆ ಪಾಸಾದ ಒಬ್ಬನ ಹೆಸರನ್ನು ಹೊಣೆಗಾರನೆಂದು ಇಲ್ಲಿಯ ನಗರಸಭೆಯಾದ ಕೌನ್ಸಿಲಿಗೆ ಕೊಡಬೇಕು. "ನಮ್ಮ ವಂಶದ ಹೆಸರು ಹೆಂಡದ ಕಾಗದದಲ್ಲಿ ಬರಬಾರದು" ಎಂದು ಅಡುಗೆಯವನಾದ ನನ್ನನ್ನು ಪರೀಕ್ಷೆಗೆ ಕೂರಿಸಿದ. ಲೈಸೆನ್ಸು ಬಂದಾಗ ಓದಿಯೂ ನೋಡಲಿಲ್ಲ. ಅದರ ಲಾಭ ಮಾತ್ರ ಅವನಿಗೆ ಮೈಲಿಗೆಯಾಗಲಿಲ್ಲ.

ಕಳೆದ ವಾರ ಅವನ ಮಗ ಭಾರ್ಗವ ಗಲ್ಲಾದಲ್ಲಿ ಕೂತು, ಹದಿನೇಳರ ಹುಡುಗಿಯೊಬ್ಬಳಿಗೆ ವಯಸ್ಸು ಕೇಳದೆ ಬಿಯರು ಕೊಟ್ಟ. ಹದಿನೆಂಟು ತುಂಬದವರಿಗೂ ಮಾರುತ್ತಾರೋ ಎಂದು ಪರೀಕ್ಷಿಸಲು ಅವಳನ್ನು ಕಳಿಸಿದವರು ಕೌನ್ಸಿಲಿನವರೇ. ಈಗ ಈ ಕಾಗದದಲ್ಲಿ, ವಯಸ್ಸು ಕೇಳಬೇಡ ಎಂದು ಭಾರ್ಗವನಿಗೆ ಹೇಳಿದ್ದು ನಾನೇ ಎಂದು ಬರೆದಿತ್ತು.

"ನಾನೆಲ್ಲಿ ಹೇಳಿದ್ನಿ ಸ್ವಾಮಿ? ಒಲೆ ಮುಂದಿದ್ದೆ. ಕೇಸಾದ್ರೆ ನನ್ ವೀಸಾ ಏನಾಯ್ತದೆ?"

"ವೀಸಾ ಕೊಡ್ಸಿದ್ದು ಯಾರೋ, ನಿಮ್ಮಪ್ಪನಾ? ಭಾರ್ಗವ ನಾಳೆ ಲಾಯರ್ ಆಗೋನು. ಸಹಿ ಹಾಕಿಲ್ಲ ಅಂದ್ರೆ ಇವನು ನಮ್ಮಲ್ಲಿ ಕೆಲಸಕ್ಕಿಲ್ಲ ಅಂತ ವೀಸಾ ಕೊಡೋ ಹೋಮ್ ಆಫೀಸಿಗೆ ಬರೀತೀನಿ. ದೇಶ ಬಿಡೋಕೆ ಅರವತ್ತು ದಿನ ಕೊಡ್ತಾರೆ. ಆಮೇಲೆ ನಿನ್ ಕೇರೀಲೇ ಬಿದ್ದಿರು."

ಅವನು ಹೋದ ಮೇಲೆ ಪಾತ್ರೆ ತೊಳೆಯುವ ತಿಮ್ಮಯ್ಯ ನಲ್ಲಿ ನಿಲ್ಲಿಸಿದ.

"ಹಾಕ್ಬುಡು ಕಣ್ಲಾ ಅಮರ. ಫೆಲ್ಥಮ್‌ನಲ್ಲಿ ಮನೇಲಿ ನಿನ್ನೆಂಡ್ತಿ ಬಸುರಿ ಅವ್ಳೆ."

"ಹಾಕುದ್ರೂ ಹೋಯ್ತೀನಿ, ಹಾಕ್ದಿದ್ರೂ ಹೋಯ್ತೀನಿ ತಿಮ್ಮಣ್ಣ."

ಚಾಕು ಕೆಳಗಿಟ್ಟೆ. ಫೋನಿನಲ್ಲಿ ಕೌನ್ಸಿಲಿಗೆ ಬರೆದೆ: ಈ ಕ್ಷಣದಿಂದ ನಾನು ಈ ಹೋಟೆಲಿನ ಹೊಣೆಗಾರನಲ್ಲ, ಭಾರ್ಗವನಿಗೆ ನಾನು ಅಂಥ ಮಾತು ಹೇಳಿಲ್ಲ. ಧಣಿಗೂ ಅದನ್ನೇ ಕಳಿಸಿದೆ. ಹೊಣೆಗಾರ ಹೆಸರು ತೆಗೆಸಿಕೊಂಡರೆ, ಇನ್ನೊಬ್ಬನ ಹೆಸರು ಕೊಡುವ ತನಕ ಒಂದು ಹನಿ ಮಾರುವುದೂ ಅಪರಾಧವೆಂದು ಪರೀಕ್ಷೆಗೆ ಓದಿದ್ದೆ.

ಹೊರಗೆ ಸ್ಟ್ಯಾನ್ಮೋರಿನ ಡಾಕ್ಟರೊಬ್ಬರ ಪಾರ್ಟಿಗೆ ಎಂಬತ್ತು ಜನ ಬಂದು ಕೂತಿದ್ದರು. ನಾನು ಏಪ್ರನ್‌ನಲ್ಲೇ ಹೋಗಿ ಅವರ ನಡುವೆ ನಿಂತೆ.

"ಇವತ್ತು ಇಲ್ಲಿ ಹೆಂಡ ಮಾರಂಗಿಲ್ಲ. ಲೈಸೆನ್ಸಿಂದ ನನ್ ಹೆಸ್ರು ತೆಗುಸ್ಬುಟ್ಟಿವ್ನಿ."

ಫೋನು ಹಿಡಿದು ಓಡಿ ಬಂದ ಅಶ್ವತ್ಥನಾರಾಯಣನ ಮುಖ ಬಿಳಿಚಿಕೊಂಡಿತ್ತು. ಅಷ್ಟು ಜನರೆದುರು ಬಯ್ಯಲಾಗಲಿಲ್ಲ.

"ಅಮರಪ್ಪ, ಮರ್ಯಾದೆ ಪ್ರಶ್ನೆ. ಯಾವ ಕಾಗದಕ್ಕೂ ಸಹಿ ಬೇಡ. ಹೆಸರು ವಾಪಸ್ ಹಾಕ್ಸು."

"ನಿಮ್ದೇ ಹಾಕ್ಸಿ ಸ್ವಾಮಿ. ಪರೀಕ್ಷೆ ಒಂದೇ ದಿನ."

ಏಪ್ರನ್ ಬಿಚ್ಚಿ ಬಾರಿನ ಮೇಲಿಟ್ಟು ಹೊರಬಿದ್ದೆ. ಟ್ಯೂಬ್ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಹೆಂಡತಿ ಇಂದುಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ದಿನ ಲೆಕ್ಕ ಹಾಕಿದಳು.

"ಅರವತ್ತು ದಿನದೊಳ್ಗೆ ಹೆರಿಗೆ ಆಯ್ತದೆ. ಆಮೇಕೆ ಕೂಸೆತ್ಕಂಡು ಎಲ್ಗೆ ಹೋಗದು?"

ಎರಡು ರೈಲು ಬಂದು ಹೋದವು. ನಾನು ಹತ್ತಲಿಲ್ಲ. ಅವಳು ಫೋನು ಇಟ್ಟಿರಲಿಲ್ಲ.